ನೋವಿಲ್ಲದ ಕುತ್ತಿಗೆ ಗಂಟು ಅಪಾಯವಿಲ್ಲವೇ? ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯೇ?

ಮನೆಯ ಹಿರಿಯರ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿಕೊಳ್ಳುತ್ತದೆ. ನೋವಿಲ್ಲ, ಜ್ವರವಿಲ್ಲ. ಇಂಥ ಹೊತ್ತಿನಲ್ಲಿ ವಾಟ್ಸಾಪ್‌ನಲ್ಲಿ ಸಿಗುವ ಸಲಹೆಗಳು ಮುಖ್ಯವಾಗಿ ಎರಡು. ಒಂದು, "ನೋವಿಲ್ಲದ ಗಂಟಿನಿಂದ ತೊಂದರೆಯಿಲ್ಲ, ಸುಣ್ಣ-ಅರಿಶಿನ ಹಚ್ಚಿ, ಕರಗುತ್ತದೆ." ಇನ್ನೊಂದು, "ಸೂಜಿ ಚುಚ್ಚಿಸಬೇಡಿ, ಕ್ಯಾನ್ಸರ್ ಹರಡುತ್ತದೆ." ಎರಡನ್ನೂ ನಂಬಿ ಕೂರುವುದು ಅಪಾಯ.

ನೋವಿಲ್ಲದಿದ್ದರೆ ನಿಶ್ಚಿಂತೆಯೇ?

ಇಲ್ಲ. ಸೋಂಕಿನಿಂದ ಬಂದ ಗಂಟು ಸಾಮಾನ್ಯವಾಗಿ ನೋಯುತ್ತದೆ, ಸೋಂಕು ಇಳಿದಂತೆ ಕುಗ್ಗುತ್ತದೆ. ಆದರೆ ಬಾಯಿ, ಗಂಟಲಿನ ಕ್ಯಾನ್ಸರ್ ಕುತ್ತಿಗೆಗೆ ಹರಡಿದಾಗ ಏಳುವ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಕ್ಷಯದ ಗಂಟೂ ಹೀಗೆಯೇ ಇರಬಹುದು. ಹಾಗಾಗಿ 40 ದಾಟಿದವರಲ್ಲಿ, ಅದರಲ್ಲೂ ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಬಳಸುವವರಲ್ಲಿ, 2 ವಾರ ಕಳೆದರೂ ಹೋಗದ ಗಂಟನ್ನು ಪರೀಕ್ಷಿಸಲೇಬೇಕು.

ಹಾಗಾದರೆ ಎಲ್ಲವೂ ಕ್ಯಾನ್ಸರೇ?

ಖಂಡಿತ ಅಲ್ಲ. ಕ್ಯಾನ್ಸರ್ ಅಲ್ಲದ ಗಡ್ಡೆಗಳೂ ಹಲವಿವೆ, ಕೆಲವು ಅಪರೂಪದವು.

• ಕೊಬ್ಬಿನ ಗಡ್ಡೆ (ಲೈಪೋಮಾ): ಮೆತ್ತಗೆ, ಚರ್ಮದ ಕೆಳಗೆ ಜಾರುವಂತಿರುತ್ತದೆ. ಇದು ಸಾಮಾನ್ಯ.

• ವಾರ್ಥಿನ್ ಗಡ್ಡೆ: ಕಿವಿಯ ಕೆಳಗಿನ ಜೊಲ್ಲುಗ್ರಂಥಿಯಲ್ಲಿ ಬೆಳೆಯುತ್ತದೆ. ವಯಸ್ಸಾದ ಧೂಮಪಾನಿಗಳಲ್ಲಿ ಹೆಚ್ಚು. ಕೆಲವರಿಗೆ ಎರಡೂ ಬದಿಯಲ್ಲಿ ಬರುತ್ತದೆ.

• ಶ್ವಾನೋಮಾ: ನರದ ಹೊದಿಕೆಯಿಂದ ನಿಧಾನವಾಗಿ ಬೆಳೆಯುವ ಗಡ್ಡೆ.

• ಕ್ಯಾರೋಟಿಡ್ ಬಾಡಿ ಗಡ್ಡೆ: ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ರಕ್ತನಾಳ ಕವಲೊಡೆಯುವಲ್ಲಿ ಏಳುತ್ತದೆ. ಅಕ್ಕಪಕ್ಕ ಅಲುಗಾಡಿಸಬಹುದು, ಮೇಲೆ ಕೆಳಗೆ ಅಲುಗಾಡದು. ಕೆಲವೊಮ್ಮೆ ಮುಟ್ಟಿದರೆ ನಾಡಿಯಂತೆ ಮಿಡಿಯುತ್ತದೆ.

ಕೈಯಿಂದ ಮುಟ್ಟಿ ನೋಡಿ ಇವನ್ನು ಖಚಿತವಾಗಿ ಬೇರೆ ಮಾಡುವುದು ವೈದ್ಯರಿಗೂ ಕಷ್ಟ. ಉದಾಹರಣೆಗೆ, ಹುಟ್ಟಿನಿಂದಲೇ ಉಳಿದುಕೊಂಡ ಅಂಶದಿಂದ ಆಗುವ ನೀರು ತುಂಬಿದ ಗಂಟು ಸಾಮಾನ್ಯವಾಗಿ ಯೌವನದಲ್ಲಿ ಕಾಣಿಸುತ್ತದೆ. ವಯಸ್ಸಾದವರಲ್ಲಿ ಅಂಥದ್ದೇ ಗಂಟು ಹೊಸದಾಗಿ ಬಂದರೆ, ಅದು ಟಾನ್ಸಿಲ್ ಕ್ಯಾನ್ಸರ್ ಹರಡಿದ ಗಂಟೂ ಆಗಿರಬಹುದು. ಹಾಗಾಗಿಯೇ ಸೂಜಿಯಲ್ಲಿ ಬರೀ ನೀರು ಬಂದರೂ ವೈದ್ಯರು ಮತ್ತೊಮ್ಮೆ ಪರೀಕ್ಷೆ ಮಾಡಿಸಲು ಹೇಳುತ್ತಾರೆ.

ಸೂಜಿ ಪರೀಕ್ಷೆ ಸುರಕ್ಷಿತವೇ?

ಹೌದು. ಎಫ್‌ಎನ್‌ಎಸಿ ಎಂಬ ಈ ಪರೀಕ್ಷೆಯಲ್ಲಿ ಸಣ್ಣ ಸೂಜಿಯಿಂದ ಕೆಲವು ಜೀವಕೋಶಗಳನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ಅತಿ ವಿರಳ. ಇದನ್ನು ಮಾಡಿಸದೆ ನೇರವಾಗಿ ಗಂಟು ಕೊಯ್ಯಿಸಿದರೆ, ಅದು ಕ್ಯಾನ್ಸರ್ ಆಗಿದ್ದ ಪಕ್ಷದಲ್ಲಿ ಮುಂದಿನ ಚಿಕಿತ್ಸೆ ಕಷ್ಟವಾಗಬಹುದು.

ಒಂದು ಎಚ್ಚರಿಕೆ ಮಾತ್ರ ನಿಜ. ಮಿಡಿಯುವ ಗಂಟಿಗೆ ಮೊದಲು ಸ್ಕ್ಯಾನ್ ಆಗಬೇಕು. ಕ್ಯಾರೋಟಿಡ್ ಬಾಡಿ ಗಡ್ಡೆಯಲ್ಲಿ ರಕ್ತನಾಳಗಳು ತುಂಬಿರುವುದರಿಂದ ರಕ್ತಸ್ರಾವದ ಭಯವಿದೆ, ಅಲ್ಲಿ ಚುಚ್ಚುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ.

ಎಲ್ಲದಕ್ಕೂ ಆಪರೇಷನ್ ಬೇಕೇ?

ಬೇಡ. ಪರೀಕ್ಷೆಯಲ್ಲಿ ವಾರ್ಥಿನ್ ಗಡ್ಡೆ ಅಥವಾ ಲೈಪೋಮಾ ಎಂದು ಖಚಿತವಾದರೆ, ತೊಂದರೆ ಇಲ್ಲದಿದ್ದಾಗ ನಿಗಾ ಇಟ್ಟರೆ ಸಾಕಾಗಬಹುದು. ಶ್ವಾನೋಮಾ ತೆಗೆಯುವಾಗ ನರಕ್ಕೆ ಪೆಟ್ಟಾಗಿ ದನಿ ಬದಲಾಗುವ ಸಾಧ್ಯತೆ ಇರುವುದರಿಂದ ಅಳೆದು ತೂಗಿ ನಿರ್ಧರಿಸುತ್ತಾರೆ. ಕ್ಯಾರೋಟಿಡ್ ಬಾಡಿ ಗಡ್ಡೆಗೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಎರಡೂ ಇವೆ. ವಯಸ್ಸಾಗಿದ್ದು ಗಡ್ಡೆ ಬೆಳೆಯದಿದ್ದರೆ ಸ್ಕ್ಯಾನ್ ಮಾಡುತ್ತಾ ಕಾಯುವುದೂ ಒಂದು ದಾರಿ. ಆದರೆ ಜೊಲ್ಲುಗ್ರಂಥಿಯ ಪ್ಲಿಯೋಮಾರ್ಫಿಕ್ ಅಡೆನೋಮಾ ಎಂಬ ಗಡ್ಡೆ ವರ್ಷಗಳ ಬಳಿಕ ಕ್ಯಾನ್ಸರ್ ಆಗಬಲ್ಲದು. ಅದನ್ನು ಸಾಮಾನ್ಯವಾಗಿ ತೆಗೆಯುತ್ತಾರೆ. ಅಂದರೆ, ಗಂಟು ಯಾವುದೆಂದು ತಿಳಿದ ಮೇಲಷ್ಟೇ "ಕಾಯೋಣ" ಎನ್ನುವ ಮಾತಿಗೆ ಅರ್ಥ.

ನೀವು ಏನು ಮಾಡಬೇಕು?

ಗಂಟು 2 ವಾರ ಮೀರಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಬೆಳೆಯುತ್ತಿದ್ದರೆ, ದನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ, ಬಾಯಿಹುಣ್ಣು ಮಾಯದಿದ್ದರೆ ಅಥವಾ ತೂಕ ಇಳಿದರೆ 2 ವಾರವೂ ಕಾಯಬೇಡಿ. ಗಂಟನ್ನು ತಿಕ್ಕುವುದು, ಸುಡುವುದು, ಹಿಸುಕುವುದು ಬೇಡ. ಸೋಂಕಿನ ಲಕ್ಷಣವಿಲ್ಲದೆ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿಸುತ್ತಾ ದಿನ ಕಳೆಯಬೇಡಿ.

ಮುಂದಿನ ಸಲ "ನೋವಿಲ್ಲದ ಗಂಟು, ಚಿಂತೆ ಬೇಡ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಬದಲಿಗೆ ಕಳಿಸಿದವರನ್ನೇ ಕೇಳಿ: "ಗಂಟು ಬಂದು ಎಷ್ಟು ದಿನವಾಯಿತು? ಡಾಕ್ಟರಿಗೆ ತೋರಿಸಿದಿರಾ?"