ಗೊತ್ತಿಲ್ಲ ಅನ್ನೋ ಕಾರ್ಡೇ ವಾಸಿ

ನಮ್ಮೂರಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. "ಗೊತ್ತಿಲ್ಲ" ಅನ್ನುವವರು ಬಹಳ ಕಡಿಮೆ. ಗೊತ್ತಿಲ್ಲದಿದ್ದರೂ "ಹೀಗೇ ಸೀದಾ ಹೋಗಿ ಲೆಫ್ಟ್ ತಗೊಳ್ಳಿ" ಅಂತ ಕಳಿಸಿಬಿಡ್ತಾರೆ. ವರ್ಚುವಲ್ ಮಷೀನುಗಳ ನೆಟ್‌ವರ್ಕ್ ಕಾರ್ಡುಗಳಲ್ಲೂ ಇಂಥವೇ ಜಾಸ್ತಿ :-)

ಒಂದೇ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಹತ್ತಾರು ಕಂಪ್ಯೂಟರುಗಳನ್ನು ನಡೆಸುತ್ತೇವಲ್ಲ, ಅಲ್ಲಿ ಕಾರ್ಡೂ ನಿಜವಲ್ಲ, ಕೇಬಲ್ಲೂ ನಿಜವಲ್ಲ. ಆದರೂ "ನಿನ್ನ ವೇಗ ಎಷ್ಟಪ್ಪಾ?" ಅಂತ ಕೇಳಿದರೆ ಇಂಟೆಲ್‌ನ ಹಳೇ ಕಾರ್ಡಿನ ವೇಷ ಹಾಕಿದ ಇ1000 ಹೇಳೋದು 1000 ಮೆಗಾಬಿಟ್. ವಿಎಂವೇರ್‌ನ ವಿಎಂಎಕ್ಸ್‌ನೆಟ್3 ಹೇಳೋದು 10000. ಕೆವಿಎಂ ಜೊತೆ ಬರುವ ವರ್ಟ್‌ಐಓ ಕಾರ್ಡನ್ನು ಲಿನಕ್ಸಿನ ಈಥ್‌ಟೂಲ್‌ನಿಂದ ವಿಚಾರಿಸಿದರೆ ಮಾತ್ರ, ನಾವಾಗಿ ಏನೂ ಹೇಳಿಕೊಡದಿದ್ದಲ್ಲಿ, "ಅನ್‌ನೋನ್" ಅನ್ನುತ್ತೆ. ಇದನ್ನು ನೋಡಿ ಡ್ರೈವರ್ ಕೆಟ್ಟಿದೆ ಅಂತ ಬೈಯುವವರಿದ್ದಾರೆ. ನನ್ನ ಪ್ರಕಾರ ಸರಿಯಾದ ಉತ್ತರ ಕೊಡ್ತಿರೋದು ಅದೊಂದೇ! ತಂತಿಯೇ ಇಲ್ಲದ ಕಡೆ ವೇಗ ನಿಂತಿರೋದು ಸಿಪಿಯು ಎಷ್ಟು ಬಿಡುವಾಗಿದೆ, ಪಕ್ಕದ ಮಷೀನು ಏನು ಮಾಡ್ತಿದೆ ಅನ್ನೋದರ ಮೇಲೆ.

ಇದರಲ್ಲೇನು ನಷ್ಟ ಅಂತೀರಾ? ನಾನು ಕೆಲಸಕ್ಕೆ ಹೋಗಿದ್ದ ಒಂದು ಕಡೆ ಹೋಸ್ಟ್ ಮಷೀನಿಗೆ ಇದ್ದದ್ದು 1 ಗಿಗಾಬಿಟ್ ಕೇಬಲ್. ಒಳಗಿನ ಮಷೀನುಗಳೆಲ್ಲ 10 ಗಿಗಾ ಅಂತ ಹೇಳಿಕೊಳ್ತಿದ್ದವು. ರಾತ್ರಿ ಬ್ಯಾಕಪ್ ಶುರುವಾದರೆ ಕೇಬಲ್ ಪೂರ್ತಿ ಭರ್ತಿ, ಆದರೆ ಗ್ರಾಫಿನಲ್ಲಿ ಬರೀ 10%! "ನೆಟ್‌ವರ್ಕ್ ಖಾಲಿ ಇದೆ, ನಿನ್ನ ಪ್ರೋಗ್ರಾಮೇ ನಿಧಾನ" ಅಂತ ಪಾಪ ಒಬ್ಬ ಹುಡುಗನನ್ನು ಮೂರು ರಾತ್ರಿ ನಿದ್ದೆಗೆಡಿಸಿದರು. ತಪ್ಪು ಅವನದ್ದಾಗಿರಲಿಲ್ಲ.

ಉಲ್ಟಾ ಕೂಡ ಆಗುತ್ತೆ. ಲಿನಕ್ಸಿನ ಟ್ಯಾಪ್ ಡಿವೈಸು ವರ್ಷಗಟ್ಟಲೆ ತನ್ನ ವೇಗ 10 ಮೆಗಾಬಿಟ್ ಅಂತಲೇ ಹೇಳ್ತಾ, ಗಿಗಾಬಿಟ್‌ಗಟ್ಟಲೆ ಸಾಗಿಸ್ತಿತ್ತು. ಆಮೇಲೆ ಅದನ್ನು 10000 ಮಾಡಿದರು. ಒಂದು ಅಂದಾಜು ಹೋಗಿ ಇನ್ನೊಂದು ಅಂದಾಜು ಬಂತು, ಅಷ್ಟೆ.

ಲಿಂಕ್ ಇದೆಯೋ ಇಲ್ಲವೋ ಅನ್ನೋದರ ಕಥೆಯೂ ಇದೇ. ಹೋಸ್ಟಿನ ಕೇಬಲ್ ಕಿತ್ತರೂ ಒಳಗಿನ ಮಷೀನಿಗೆ ಸಾಮಾನ್ಯವಾಗಿ ಲಿಂಕ್ "ಅಪ್" ಅಂತಲೇ ಕಾಣುತ್ತೆ. ಅದು ಸುಳ್ಳೇನಲ್ಲ, ವರ್ಚುವಲ್ ಸ್ವಿಚ್‌ವರೆಗೆ ದಾರಿ ಇದೆ, ಪಕ್ಕದ ಮಷೀನಿನ ಜೊತೆ ಮಾತಾಡಬಹುದು. ಆದರೆ ಲಿಂಕ್ ಬಿದ್ದ ಮೇಲೆ ಬೇರೆ ದಾರಿ ಹಿಡಿಯೋಣ ಅಂತ ಕಾಯ್ತಿರೋ ಸಾಫ್ಟ್‌ವೇರ್ ಕಾಯ್ತಾನೇ ಇರುತ್ತೆ.

"ಎಲ್ಲ ಸರಿ, ಎರಡು ಕಾರ್ಡು ಸೇರಿಸಿ ಎಲ್‌ಎಸಿಪಿ ಬಾಂಡಿಂಗ್ ಮಾಡೋಕೆ ವೇಗ ಗೊತ್ತಿರಲೇಬೇಕಲ್ಲ?" ಅಂತ ಕೇಳಬಹುದು. ನ್ಯಾಯವಾದ ಮಾತು. ಅದಕ್ಕೇ ಕ್ಯುಇಎಂಯುನಲ್ಲಿ ವರ್ಟ್‌ಐಓ ಕಾರ್ಡಿಗೆ ವೇಗ, ಡುಪ್ಲೆಕ್ಸ್ ಎರಡನ್ನೂ ನಾವೇ ಬರೆದುಕೊಡಬಹುದು. ಒಳಗಿನಿಂದ ಈಥ್‌ಟೂಲ್‌ನಲ್ಲೂ ಹಾಕಬಹುದು. ಗೊತ್ತಿರುವ ಮನುಷ್ಯ ಹೇಳಲಿ, ಕಾರ್ಡು ಊಹಿಸೋದು ಬೇಡ. ಹಾಗೆ ಬರೆದದ್ದು ಬರೀ ಹೆಸರುಪಟ್ಟಿ, ಅದರಿಂದ ವೇಗ ಹೆಚ್ಚೋದೂ ಇಲ್ಲ, ಕಡಿಮೆಯಾಗೋದೂ ಇಲ್ಲ ಅನ್ನೋದು ಮಾತ್ರ ನೆನಪಿರಲಿ.

ನನ್ನ ಬೇಡಿಕೆ ಇಷ್ಟೇ. ವೇಗ ಗೊತ್ತಿಲ್ಲ ಅಂತ ಬಂದರೆ ಮಾನಿಟರಿಂಗ್ ಸಾಫ್ಟ್‌ವೇರು ಪರ್ಸೆಂಟ್ ಲೆಕ್ಕ ಹಾಕದೆ, ಸೆಕೆಂಡಿಗೆ ಎಷ್ಟು ಬಿಟ್ ಹೋಯಿತು ಅಂತ ಮಾತ್ರ ತೋರಿಸಲಿ. ಲೈನ್ ತುಂಬಿದೆಯೋ ಇಲ್ಲವೋ ಅಂತ ಹೋಸ್ಟಿನ ನಿಜವಾದ ಕಾರ್ಡಿನಲ್ಲೇ ನೋಡಲಿ. ಅದನ್ನು ನೋಡೋ ಮೊದಲು ಯಾರನ್ನೂ ಬೈಯೋದು ಬೇಡ.

ನೀವೇನಂತೀರಿ?