ಇಪ್ಪತ್ತೆಂಟು ಎಂದರೆ ಎಷ್ಟು?

ಅಂತಿಮ ಬಿ.ಎ. ವಿದ್ಯಾರ್ಥಿಯಾದವನು ವಾರ್ಷಿಕ ಸಂಚಿಕೆಗೆ ಗಂಭೀರ ವಿಷಯವನ್ನೇ ಬರೆಯಬೇಕೆಂದು ಮಿತ್ರರು ಹೇಳಿದರು. ನಾನು ಬರೆಯಹೊರಟಿರುವುದು ಸೈಕಲ್ಲಿನ ಗಾಲಿಯನ್ನು ಕುರಿತು. ವಾಚಕರು ಮನ್ನಿಸಬೇಕು.

ನಮ್ಮ ಮನೆಗೆಲ್ಲ ಇರುವುದು ಒಂದೇ ಸೈಕಲ್ಲು. ಬೆಳಿಗ್ಗೆ ಅಪ್ಪ ಅದಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗಿಬರುತ್ತಾರೆ. ಅನಂತರ ಅದರಲ್ಲೇ ನಾನು ಕಾಲೇಜಿಗೆ ಬರುತ್ತೇನೆ. ಡೇರಿಯ ದಾರಿಯಲ್ಲಿ ಒಂದು ಏರು. ಈಚೆಗೆ ಅಪ್ಪನಿಗೆ ಮೊಣಕಾಲು ನೋವು. ಗೇರು ಹಾಕಿದರೆ ಏರು ಹಗುರಾದೀತೆಂದು ಬಗೆದು, ಬೇಸಗೆಯ ರಜೆಯಲ್ಲಿ ಕೂಲಿ ಮಾಡಿ ಕೂಡಿಟ್ಟ ಹಣದೊಡನೆ ಪೇಟೆಗೆ ಹೋದೆ. ನಮ್ಮ ಗಾಲಿ ‘28’ ಎಂದೆ. ಅಂಗಡಿಯವರು ಕೊಟ್ಟ ಗೇರಿನ ಗಾಲಿಯೂ ‘28’. ಇನ್ನೇನು ಬೇಕು? ಮನೆಗೆ ತಂದು, ಜಗಲಿಯ ಮೇಲೆ ಸೈಕಲ್ಲನ್ನು ಬಿಚ್ಚಿ ಹರಡಿದೆ.

ಅಲ್ಲಿಂದ ಮೊದಲಾಯಿತು ನನ್ನ ಪರೀಕ್ಷೆ. ಹಳೆಯ ಟೈರು ಹೊಸ ರಿಮ್ಮಿನ ಮೇಲೆ ಸಡಿಲವಾಯಿತು. ಹೊಸ ಹಬ್ಬು ಅಗಲ. ಫ್ರೇಮಿನ ಹಿಂದಿನ ಕವಲಿನಲ್ಲಿ ಅದಕ್ಕೆ ಎಡೆಯಿಲ್ಲ. ಹಳೆಯ ಚೈನಿನ ಕೊಂಡಿ ಅರ್ಧ ಅಂಗುಲ, ಗೇರಿನ ಚೈನಿನದೂ ಅಷ್ಟೇ. ಆದರೆ ಹಳೆಯದು ಅಗಲವಾದ್ದರಿಂದ ಒತ್ತೊತ್ತಾದ ಹಲ್ಲುಚಕ್ರಗಳ ನಡುವೆ ಸರಿಯಾಗಿ ಓಡದು. ನಮ್ಮದು ರಾಡ್ ಬ್ರೇಕು, ರಿಮ್ಮಿನ ಒಳಮೈಯನ್ನು ಒತ್ತುವಂಥದು. ಹೊಸ ರಿಮ್ಮು ಪಕ್ಕದಿಂದ ಹಿಡಿಯುವ ಬ್ರೇಕಿಗಾಗಿ ಮಾಡಿದುದು. ಮಾರಿದ ಮಾಲನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾಲ್ಕು ದಿನ ಅಪ್ಪ ಕ್ಯಾನನ್ನು ತಲೆಯ ಮೇಲೆ ಹೊತ್ತು ನಡೆದರು. “ಓದಿದೋನು ನೀನು, ಕೊಳ್ಳೋಕೆ ಮುಂಚೆ ಅಳೆದು ನೋಡಬಾರದಿತ್ತೇನಪ್ಪ?” ಎಂದರು, ಅಷ್ಟೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮಾತು ನಾಟಿತು.

ಆಮೇಲೆ ವಿಚಾರಿಸಿ ತಿಳಿದೆ. ಟೈರಿನ ಹೊರವ್ಯಾಸವನ್ನು ಅಂಗುಲದಲ್ಲಿ ಹೇಳುತ್ತಿದ್ದ ಕಾಲದಿಂದ ಉಳಿದುಬಂದ ಹೆಸರು ಈ 28. 28 × 1½ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರು. 700ಸಿ ಎಂಬುದಕ್ಕೂ 28 ಎನ್ನುವುದುಂಟು, ಅದು 622. ಇಪ್ಪತ್ತಾರರಲ್ಲಿಯೂ ಹೀಗೆಯೇ, 559 ಒಂದು, 590 ಇನ್ನೊಂದು.

1956ರಲ್ಲಿ ನಮ್ಮ ಸಂಸತ್ತು ತೂಕ ಅಳತೆಗಳ ಕಾಯಿದೆಯನ್ನು ಮಾಡಿತು. ಸಂತೆಯ ಸೇರು ಹೋಗಿ ಕಿಲೋ ಬಂದಿತು. ಬಡವನಿಗೆ ಅದರಿಂದ ನ್ಯಾಯ ದೊರೆಯಿತು. ಗಾಲಿಯ ವಿಷಯದಲ್ಲಿಯೂ ಕಷ್ಟವೇನಿಲ್ಲ. ಐಎಸ್‌ಒ 5775 ಎಂಬ ಅಂತರರಾಷ್ಟ್ರೀಯ ಮಾನಕದಂತೆ ಟೈರಿನ ಪಕ್ಕದಲ್ಲಿ 40-635 ಎಂಬಂತೆ ಅಚ್ಚು ಹಾಕುತ್ತಾರೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಎಲ್ಲ ಸೈಕಲ್ಲುಗಳೂ ಒಂದೇ ಬಗೆಯಾಗಲಿ ಎಂದು ನಾನು ಹೇಳೆನು. ಆ ಅಂಕಿಯನ್ನೂ ಹಬ್ಬಿನ ಅಗಲವನ್ನೂ ತಯಾರಕರು ಎದ್ದುಕಾಣುವಂತೆ ಬರೆಯಲಿ, ಅಂಗಡಿಯವರು ಬಿಲ್ಲಿನಲ್ಲಿ ನಮೂದಿಸಲಿ. ಸಾಮಾನು ಹೊಂದದೆ ಹೋದರೆ ನಷ್ಟ ಕೊಂಡವನೊಬ್ಬನದೇ ಆಗುವುದು ತಪ್ಪು.

ನನ್ನ ತಪ್ಪೂ ಇಲ್ಲದಿಲ್ಲ. ನಮ್ಮ ಹಳೆಯ ಟೈರಿನ ಮೇಲೆ 40-635 ಎಂದು ಇದ್ದೇ ಇತ್ತು. ಮೂರು ವರ್ಷ ಅದನ್ನು ತುಳಿದುಕೊಂಡು ಬಂದ ನಾನು ಒಮ್ಮೆಯೂ ಓದಿರಲಿಲ್ಲ.

ಹಳೆಯ ಗಾಲಿಯನ್ನೇ ಮತ್ತೆ ಹಾಕಿದ್ದೇನೆ. ಏರಿನಲ್ಲಿ ಅಪ್ಪ ಇಳಿದು ತಳ್ಳುತ್ತಾರೆ. ಹೊಸ ಗಾಲಿ ಅಟ್ಟದಲ್ಲಿದೆ. 622ರದು ಬೇಕಾದ ಸಹಪಾಠಿಗಳು ದಯಮಾಡಿಸಬಹುದು, ಅಳೆಯುವ ಪಟ್ಟಿಯೊಡನೆ.