ಬೆನ್‌ಹರ್ ಬರೆದವನ ಮಲತಾಯಿ

‘ಬೆನ್‌ಹರ್’ ಚಿತ್ರದ ರಥದ ಓಟವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. 1880ರಲ್ಲಿ ಆ ಕಾದಂಬರಿ ಬರೆದ ಲ್ಯೂ ವಾಲೇಸ್ ಅಮೆರಿಕದ ಅಂತರ್ಯುದ್ಧದಲ್ಲಿ ಮೇಜರ್ ಜನರಲ್ ಆಗಿದ್ದವನು. 1881ರಿಂದ 1885ರವರೆಗೆ ತುರ್ಕಿ ಸುಲ್ತಾನನ ಆಸ್ಥಾನದಲ್ಲಿ ತನ್ನ ದೇಶದ ಪ್ರತಿನಿಧಿ. ಈ ಪದವಿಗಳಿಗಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಆತನ ಮನೆಯ ಕಥೆ.

ಲ್ಯೂಗೆ ಏಳು ವರ್ಷವಾಗಿದ್ದಾಗ ಹೆತ್ತ ತಾಯಿ ತೀರಿಕೊಂಡಳು. 1836ರಲ್ಲಿ ತಂದೆ ಡೇವಿಡ್, ಹತ್ತೊಂಬತ್ತರ ಜೆರೆಲ್ಡಾಳನ್ನು ಮದುವೆಯಾದ. ಶಾಲೆ ತಪ್ಪಿಸಿ ಕಾಡುಮೇಡು ಅಲೆಯುತ್ತಿದ್ದ ಆ ತುಂಟನಿಗೂ ಹೊಸ ತಾಯಿಗೂ ಹತ್ತೇ ವರ್ಷದ ಅಂತರ! ಮೊದಮೊದಲು ಹುಡುಗ ಆಕೆಯನ್ನು ಒಪ್ಪಲಿಲ್ಲ. ಆಮೇಲೆ ಅಮ್ಮನೆಂದೇ ಕರೆದ. ನಾವೋ, ಸರ್ಕಾರ ತಾರತಮ್ಯ ಮಾಡಿದರೂ ‘ಮಲತಾಯಿ ಧೋರಣೆ’ ಎನ್ನುತ್ತೇವೆ, ಪಾಪ.

ಇಂಡಿಯಾನಾ ರಾಜ್ಯದ ಗವರ್ನರ್ ಆಗಿದ್ದ ಡೇವಿಡ್ 1859ರಲ್ಲಿ ತೀರಿಕೊಂಡಾಗ ಆಸ್ತಿಯೇನೂ ಉಳಿದಿರಲಿಲ್ಲ. ಜೆರೆಲ್ಡಾ ಮನೆಯಲ್ಲಿ ಬಾಡಿಗೆಯವರನ್ನಿಟ್ಟುಕೊಂಡು, ಊಟ ಹಾಕಿ ಸಂಸಾರ ತೂಗಿಸಿದಳು. 1875ರಲ್ಲಿ, ಐವತ್ತೇಳರ ವಯಸ್ಸಿನಲ್ಲಿ, ಮದ್ಯದ ವಿರುದ್ಧ ಸಾವಿರಾರು ಸಹಿಗಳ ಅರ್ಜಿ ಹಿಡಿದು ಅದೇ ರಾಜ್ಯದ ಶಾಸನಸಭೆಗೆ ಹೋದಳು. ಶಾಸಕರು ಹಗುರವಾಗಿ ತಳ್ಳಿಹಾಕಿದರು. ಓಟಿಲ್ಲದವಳ ಮಾತಿಗೆ ಬೆಲೆಯೆಲ್ಲಿ? ಗವರ್ನರನ ಹೆಂಡತಿಯಾಗಿದ್ದವಳಿಗೇ ಈ ಗತಿ! ಅಲ್ಲಿಂದ ಮುಂದೆ ಆಕೆ ಸ್ತ್ರೀಯರ ಮತದಾನದ ಹಕ್ಕಿಗಾಗಿ ಊರೂರಲ್ಲಿ ಭಾಷಣ ಮಾಡಿದಳು. 1880ರಲ್ಲಿ ವಾಷಿಂಗ್ಟನ್ನಿನ ಸೆನೆಟ್ ಸಮಿತಿಯ ಮುಂದೆಯೂ ವಾದಿಸಿದಳು.

‘ಬೆನ್‌ಹರ್’ ಅಚ್ಚಾದದ್ದೂ ಅದೇ ವರ್ಷ. ಕುಷ್ಠರೋಗ ಅಂಟೀತೆಂದು ನಿದ್ರಿಸುತ್ತಿರುವ ಮಗನನ್ನೂ ಮುಟ್ಟದೆ ದೂರ ನಿಲ್ಲುವ ತಾಯಿ ಅದರಲ್ಲಿದ್ದಾಳೆ. ಆ ತಾಯಿಗೆ ಜೆರೆಲ್ಡಾಳೇ ಮಾದರಿ ಎಂದು ಲ್ಯೂ ಒಪ್ಪಿಕೊಂಡಿದ್ದ. ಆಕೆ 1901ರಲ್ಲಿ ತೀರಿಕೊಂಡಳು. ಅಮೆರಿಕದ ಹೆಂಗಸರಿಗೆ ದೇಶದುದ್ದಕ್ಕೂ ಓಟು ದೊರೆತದ್ದು 1920ರಲ್ಲಿ.